ಮುಂದಿನ ಸೀಟಿನ ಜೋಡಿಗಳು: ‘ಅಮೆರಿಕನ್ ಗ್ರಾಫಿಟಿ’ಯ ಪಾತ್ರವರ್ಗ, ಒಂದು ಪ್ರಕರಣ ಅಧ್ಯಯನ

1972ರಲ್ಲಿ ಅಮೆರಿಕದ ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರ ಕೈಯಲ್ಲಿದ್ದ ‘ಅಮೆರಿಕನ್ ಗ್ರಾಫಿಟಿ’ಯ ಚಿತ್ರಕಥೆಗೆ ನಾಯಕನೇ ಇರಲಿಲ್ಲ. ಕಾಲ 1962ರ ಬೇಸಿಗೆಯ ಕೊನೆಯ ರಾತ್ರಿ, ಸ್ಥಳ ಕ್ಯಾಲಿಫೋರ್ನಿಯಾದ ಮೊಡೆಸ್ಟೊ. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಹೊಂದದ ನಾಲ್ವರು ಗೆಳೆಯರು, ಆ ರಾತ್ರಿ ಅವರ ಕಾರುಗಳಲ್ಲಿ ಬಂದು ಕೂರುವ ಮೂವರು ಹುಡುಗಿಯರು. ಸೂರ್ಯಾಸ್ತದಿಂದ ಮುಂಜಾವಿನವರೆಗೆ ನಾಲ್ಕು ಕಥೆಗಳು ಒಂದನ್ನೊಂದು ಹಾದುಹೋಗುತ್ತವೆ. ಯಾವ ಕಥೆಯೂ ಉಳಿದವುಗಳ ತಲೆಯ ಮೇಲೆ ಕೂರುವುದಿಲ್ಲ. ಇಂಥ ಚಿತ್ರಕ್ಕೆ ದೊಡ್ಡ ತಾರೆಯನ್ನು ತಂದರೆ ಉಳಿದ ಮೂರು ಕಥೆಗಳು ಕುಸಿಯುತ್ತವೆ. ತಾರೆಯೇ ಇಲ್ಲದಿದ್ದರೆ ಸ್ಟುಡಿಯೊ ಹಣ ಬಿಚ್ಚುವುದಿಲ್ಲ. ಅದರ ಮೇಲೆ, ಲ್ಯೂಕಸ್ ಅವರ ಹಿಂದಿನ ಚಿತ್ರ, 1971ರ ‘ಟಿಎಚ್ಎಕ್ಸ್ 1138’, ಗಲ್ಲಾಪೆಟ್ಟಿಗೆಯಲ್ಲಿ ಸೋತಿತ್ತು.

ಒಂದೂವರೆ ವರ್ಷದ ನಂತರ ತೆರೆಕಂಡ ಚಿತ್ರ ಎಷ್ಟು ದೊಡ್ಡ ಗೆಲುವು ಕಂಡಿತು ಎಂಬುದು ಸಿನಿಮಾ ಇತಿಹಾಸ ಬಲ್ಲವರಿಗೆಲ್ಲ ಗೊತ್ತು. ಆ ಗೆಲುವಿನ ಶ್ರೇಯಸ್ಸನ್ನು ರಾಕ್ ಅಂಡ್ ರೋಲ್ ಹಾಡುಗಳಿಗೂ ಹೊಳೆಯುವ ಹಳೆಯ ಕಾರುಗಳಿಗೂ ಹಂಚಿಬಿಡುವುದು ವಾಡಿಕೆ. ಹಾಡು ಮತ್ತು ಕಾರುಗಳ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹಾಡುಗಳನ್ನು ಬಾಲ್ಯದಲ್ಲಿ ಕೇಳದ, ಆ ಕಾರುಗಳನ್ನು ಬೀದಿಯಲ್ಲಿ ಕಾಣದ ನಮ್ಮಂಥವರಿಗೂ ಈ ಚಿತ್ರ ನಮ್ಮದೇ ನೆನಪಿನಂತೆ ತಟ್ಟುತ್ತದಲ್ಲ, ಅದಕ್ಕೆ ಬೇರೆ ಕಾರಣ ಇರಲೇಬೇಕು. ಆ ಕಾರಣ ನಟರ ಆಯ್ಕೆಯಲ್ಲಿದೆ, ಅದರಲ್ಲೂ ಯಾರ ಪಕ್ಕದಲ್ಲಿ ಯಾರನ್ನು ಕೂರಿಸಿದರು ಎಂಬುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರದ ಅತಿ ದೊಡ್ಡ ಕೊರತೆ ಕೂಡ ಅಲ್ಲಿಂದಲೇ ಹುಟ್ಟುತ್ತದೆ.

ಹಿನ್ನೆಲೆ

ಲ್ಯೂಕಸ್ ಹುಟ್ಟಿದ್ದು 1944ರಲ್ಲಿ, ಅದೇ ಮೊಡೆಸ್ಟೊದಲ್ಲಿ. ಸಂಜೆಯಾದರೆ ಊರಿನ ಹುಡುಗ ಹುಡುಗಿಯರು ಕಾರುಗಳಲ್ಲಿ ಮುಖ್ಯ ಬೀದಿಗಳನ್ನು ಸುತ್ತುವುದು, ಒಂದು ಕಾರಿನಿಂದ ಇನ್ನೊಂದಕ್ಕೆ ಮಾತು ಎಸೆಯುವುದು, ಕೆಂಪು ದೀಪದ ಬಳಿ ಸವಾಲು ಹಾಕುವುದು, ಇವೆಲ್ಲ ಅಲ್ಲಿನ ದಿನಚರಿ. ಅವರಿಗೂ ರೇಸ್ ಚಾಲಕನಾಗುವ ಕನಸಿತ್ತು. 1962ರ ಜೂನ್‌ನಲ್ಲಿ, ಶಾಲೆ ಮುಗಿಯುವ ಹೊತ್ತಿಗೆ, ಅವರ ಪುಟ್ಟ ಕಾರು ಪಲ್ಟಿಯಾಗಿ ಮರಕ್ಕೆ ಬಡಿಯಿತು. ಸೀಟ್ ಬೆಲ್ಟ್ ಹರಿದು ಹೊರಗೆ ಎಸೆಯಲ್ಪಟ್ಟಿದ್ದರಿಂದಲೇ ಬದುಕುಳಿದರು. ಆ ಬಳಿಕ ರೇಸಿನ ಹಂಬಲ ತಗ್ಗಿ ಕಾಲೇಜು, ಮುಂದೆ ಸಿನಿಮಾ ಶಾಲೆ. ಮೊದಲ ಚಿತ್ರ ಸೋತಾಗ, ಜನರ ಮನಸ್ಸಿಗೆ ಹತ್ತಿರವಾದ, ಬೆಚ್ಚನೆಯ ಕಥೆಯೊಂದನ್ನು ಮಾಡು ಎಂದು ಗೆಳೆಯ, ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಒತ್ತಾಯಿಸಿದರು. ಆಗ ಲ್ಯೂಕಸ್ ತಿರುಗಿ ನೋಡಿದ್ದು ತಮ್ಮ ಊರಿನ ಬೀದಿಗಳನ್ನು. ಇಟಲಿಯ ನಿರ್ದೇಶಕ ಫೆಲಿನಿ 1953ರಲ್ಲಿ ಮಾಡಿದ್ದ ‘ಇ ವಿಟೆಲ್ಲೊನಿ’ಯ ಪ್ರಭಾವವೂ ಇತ್ತು: ಸಣ್ಣ ಊರಿನಲ್ಲಿ ಕಾಲ ಕಳೆಯುವ ಯುವಕರ ಗುಂಪು, ಅವರಲ್ಲಿ ಒಬ್ಬ ಮಾತ್ರ ಊರು ಬಿಟ್ಟು ಹೊರಡುತ್ತಾನೆ.

ಚಿತ್ರಕಥೆಯನ್ನು ಲ್ಯೂಕಸ್ ಜೊತೆಗೆ ಗ್ಲೋರಿಯಾ ಕಾಟ್ಜ್ ಮತ್ತು ವಿಲರ್ಡ್ ಹಾಯ್ಕ್ ದಂಪತಿ ಬರೆದರು. ಹುಡುಗರ ಪಾತ್ರಗಳು ಎಲ್ಲಿಂದ ಬಂದವು ಎಂಬುದು ಗಮನಿಸಬೇಕಾದ ಸಂಗತಿ. ಕನ್ನಡಕದ ಅಳುಕುಬುರುಕ ಟೆರ್ರಿ, ಕಾರೇ ಸರ್ವಸ್ವವಾದ ಜಾನ್ ಮಿಲ್ನರ್, ಊರು ಬಿಡಲೋ ಬೇಡವೋ ಎಂದು ಹೊಯ್ದಾಡುವ ಕರ್ಟ್, ಈ ಮೂವರೂ ತಾವು ಒಂದೊಂದು ವಯಸ್ಸಿನಲ್ಲಿ ಆಗಿದ್ದವರೇ ಎಂದು ಲ್ಯೂಕಸ್ ಹೇಳಿಕೊಂಡಿದ್ದಾರೆ. ಒಬ್ಬನೇ ವ್ಯಕ್ತಿಯ ಹದಿಹರೆಯವನ್ನು ಮೂರು ಹೋಳು ಮಾಡಿ ಒಂದೇ ರಾತ್ರಿಯೊಳಗೆ ಬಿಟ್ಟಂತಾಯಿತು. ಹುಡುಗಿಯರ ಪಾತ್ರಗಳಿಗೆ ಇಂಥ ಬೇರು ಇರಲಿಲ್ಲ. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಕೈಬಿಟ್ಟ ಮೇಲೆ ಯುನಿವರ್ಸಲ್ ಒಪ್ಪಿಕೊಂಡಿತು, ಆದರೆ ಜೊತೆಗೊಂದು ಹೆಸರಾಂತ ವ್ಯಕ್ತಿ ಬೇಕು ಎಂದಿತು. 1972ರ ಮಾರ್ಚ್‌ನಲ್ಲಿ ‘ದಿ ಗಾಡ್‌ಫಾದರ್’ ಬಿಡುಗಡೆಯಾಗಿ ಕೊಪ್ಪೊಲಾ ಹೆಸರು ಎಲ್ಲೆಡೆ ಮೊಳಗುತ್ತಿತ್ತು. ಅವರು ನಿರ್ಮಾಪಕರಾದರು, ಗ್ಯಾರಿ ಕರ್ಟ್ಜ್ ಸಹ ನಿರ್ಮಾಪಕರಾದರು. ಹಣಕಾಸಿನ ವ್ಯವಹಾರದಂತೆ ಕಾಣುವ ಈ ನಿರ್ಧಾರವೇ ಪಾತ್ರವರ್ಗದ ಹಣೆಬರಹವನ್ನು ಬರೆಯಿತು. ಪೋಸ್ಟರ್‌ಗೆ ಬೇಕಾದ ಹೆಸರು ತೆರೆಯ ಹಿಂದಿನಿಂದಲೇ ಸಿಕ್ಕಿದ್ದರಿಂದ ತೆರೆಯ ಮೇಲೆ ಯಾರಿಗೂ ಹೆಸರಿರಬೇಕಾದ ಅಗತ್ಯ ಉಳಿಯಲಿಲ್ಲ. ಒಟ್ಟು ಬಜೆಟ್ ಸುಮಾರು 7,75,000 ಡಾಲರ್. ಅದರಲ್ಲಿ ಒಂದು ಪಾಲು ಹಾಡುಗಳ ಹಕ್ಕಿಗೆ ಹೋಯಿತು.

ಆಯ್ಕೆ

ನಟರನ್ನು ಹುಡುಕುವ ಹೊಣೆ ಫ್ರೆಡ್ ರೂಸ್ ಅವರದು. ‘ದಿ ಗಾಡ್‌ಫಾದರ್’ಗೆ ನಟರನ್ನು ಆರಿಸುವುದರಲ್ಲೂ ಅವರ ಕೈ ಇತ್ತು. ಅದಕ್ಕೂ ಮೊದಲು ಅವರು ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಟಿವಿ ಧಾರಾವಾಹಿಗೆ ನಟರನ್ನು ಒದಗಿಸುತ್ತಿದ್ದರು. 1960ರಿಂದ ಅದರಲ್ಲಿ ಶೆರಿಫ್‌ನ ಪುಟ್ಟ ಮಗನಾಗಿ ನಟಿಸಿ ಅಮೆರಿಕದ ಮನೆಮನೆಗೂ ಗೊತ್ತಿದ್ದ ಹುಡುಗ ರಾನ್ ಹೊವರ್ಡ್. ಏಳು ಮುಖ್ಯ ಪಾತ್ರಗಳ ಪೈಕಿ ಪ್ರೇಕ್ಷಕರಿಗೆ ನಿಜವಾಗಿ ಪರಿಚಿತವಾಗಿದ್ದ ಮುಖ ಅದೊಂದೇ. ಆ ಪರಿಚಯವನ್ನು ಬಳಸಿದ ರೀತಿ ಮೆಚ್ಚುವಂಥದ್ದು. ಎಲ್ಲರೂ ‘ಒಳ್ಳೆಯ ಹುಡುಗ’ ಎಂದು ನಂಬಿದ್ದ ಮುಖಕ್ಕೆ ಅವರು ಕೊಟ್ಟದ್ದು ಸ್ಟೀವ್ ಬೊಲಾಂಡರ್ ಪಾತ್ರವನ್ನು. ಶಾಲೆಯ ವಿದ್ಯಾರ್ಥಿ ನಾಯಕ, ಎಲ್ಲರಿಗೂ ಬೇಕಾದವನು. ಚಿತ್ರದ ಆರಂಭದಲ್ಲೇ ಅವನು ತನ್ನ ಗೆಳತಿಗೆ, ನಾನು ಕಾಲೇಜಿಗೆಂದು ದೂರದಲ್ಲಿರುವಾಗ ಇಬ್ಬರೂ ಬೇರೆಯವರ ಜೊತೆ ಓಡಾಡಬಹುದು ಎಂದು ಬಲು ಉದಾರವಾಗಿ ಹೇಳಿ ಅವಳ ಎದೆ ಒಡೆಯುತ್ತಾನೆ. ಹೊಸ ಮುಖವೊಂದು ಇದನ್ನು ಹೇಳಿದ್ದರೆ ನಾವು ಅವನನ್ನು ಕೆಟ್ಟವನೆಂದು ಬದಿಗೆ ತಳ್ಳುತ್ತಿದ್ದೆವು. ಹೊವರ್ಡ್ ಹೇಳಿದಾಗ, ತನ್ನ ಮಾತಿನ ಅರ್ಥವೇ ಗೊತ್ತಿಲ್ಲದ ಎಳೆಯ ಗಂಡಸು ಕಾಣುತ್ತಾನೆ.

ಆಯ್ಕೆ ತಿಂಗಳುಗಟ್ಟಲೆ ನಡೆಯಿತು. ನಟರನ್ನು ಒಬ್ಬೊಬ್ಬರಾಗಿ ಕರೆದು ಸಂಭಾಷಣೆ ಓದಿಸಿ ಕಳುಹಿಸುವುದಕ್ಕೇ ಲ್ಯೂಕಸ್ ನಿಲ್ಲಲಿಲ್ಲ. ಕೆಲವರನ್ನು ಮತ್ತೆ ಮತ್ತೆ ಕರೆಸಿ, ಬೇರೆ ಬೇರೆ ಜೋಡಿ ಮತ್ತು ಗುಂಪುಗಳಲ್ಲಿ ನಿಲ್ಲಿಸಿ, ಸ್ಥಳದಲ್ಲೇ ಮಾತು ಹುಟ್ಟಿಸಿಕೊಂಡು ನಟಿಸಲು ಬಿಡುತ್ತಿದ್ದರು. ಇವನು ಒಬ್ಬನೇ ಹೇಗೆ ಕಾಣುತ್ತಾನೆ ಎನ್ನುವುದಕ್ಕಿಂತ ಅವಳ ಪಕ್ಕದಲ್ಲಿ ಕುಳಿತಾಗ ಇವನೇನಾಗುತ್ತಾನೆ ಎಂಬುದು ಅಲ್ಲಿ ತೂಗುತ್ತಿದ್ದ ವಿಷಯ. ಇದು ಎಷ್ಟು ಸರಿಯಾದ ವಿಧಾನ ಎಂಬುದು ನಟರ ವಯಸ್ಸನ್ನು ನೋಡಿದರೆ ತಿಳಿಯುತ್ತದೆ. ಕರ್ಟ್‌ನ ತಂಗಿ ಲಾರಿಯಾಗಿ ನಟಿಸಿದ ಸಿಂಡಿ ವಿಲಿಯಮ್ಸ್ ಹುಟ್ಟಿದ್ದು 1947ರ ಆಗಸ್ಟ್‌ನಲ್ಲಿ. ಅಣ್ಣ ಕರ್ಟ್ ಆದ ರಿಚರ್ಡ್ ಡ್ರೈಫಸ್ ಹುಟ್ಟಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ತಂಗಿಯೇ ಅಣ್ಣನಿಗಿಂತ ದೊಡ್ಡವಳು! ಲಾರಿಯ ಪ್ರಿಯಕರನಾದ ಹೊವರ್ಡ್ ಅವರಿಗೆ ಚಿತ್ರೀಕರಣದ ಹೊತ್ತಿಗೆ 18, ಅಂದರೆ ವಿಲಿಯಮ್ಸ್ ಅವರಿಗಿಂತ ಆರು ವರ್ಷಕ್ಕೂ ಹೆಚ್ಚು ಚಿಕ್ಕವರು. ಮಿಲ್ನರ್ ಆದ ಪಾಲ್ ಲೆ ಮ್ಯಾಟ್ ಅವರಿಗೆ 26, ಅವನಿಗೆ ಬೇಡದಿದ್ದರೂ ಅವನ ಕಾರಿಗೆ ಬಂದು ಕೂರುವ ಕ್ಯಾರಲ್ ಆದ ಮೆಕೆಂಜಿ ಫಿಲಿಪ್ಸ್ ಅವರಿಗೆ 12. ಟೆರ್ರಿಯಾದ ಚಾರ್ಲ್ಸ್ ಮಾರ್ಟಿನ್ ಸ್ಮಿತ್ ಅವರಿಗೆ 18, ಅವನ ಜೊತೆಗಾರ್ತಿ ಡೆಬ್ಬಿಯಾದ ಕ್ಯಾಂಡಿ ಕ್ಲಾರ್ಕ್ ಅವರಿಗೆ 25.

ಜನ್ಮದಿನಾಂಕ ನೋಡಿ ಆರಿಸಿದ್ದರೆ ಈ ಪಟ್ಟಿಯ ಅರ್ಧ ಹೆಸರುಗಳು ಹೊಡೆದು ಹೋಗುತ್ತಿದ್ದವು. ಪಕ್ಕಪಕ್ಕದಲ್ಲಿ ಕೂರಿಸಿ ಆರಿಸಿದ್ದರಿಂದ ಒಬ್ಬರ ವಯಸ್ಸನ್ನು ಇನ್ನೊಬ್ಬರು ನಂಬಿಸಿದರು. ಶಾಲೆಯ ನೃತ್ಯದ ದೃಶ್ಯವನ್ನೇ ತೆಗೆದುಕೊಳ್ಳಿ. ಜಗಳವಾಡಿಕೊಂಡ ಸ್ಟೀವ್ ಮತ್ತು ಲಾರಿ ಎಲ್ಲರ ಮುಂದೆ ದೀಪದ ಬೆಳಕಿನಲ್ಲಿ ಕುಣಿಯಬೇಕಾಗಿ ಬರುತ್ತದೆ. ಮೊದಲು ಮಾತನಾಡಿಸಿದವಳು ನಾನು, ನಿನಗೆ ಮುತ್ತು ಕೊಡುವ ಧೈರ್ಯವೂ ಇರಲಿಲ್ಲ ಎಂದು ಅವಳು ಹಲ್ಲು ಕಚ್ಚಿ ನೆನಪಿಸುತ್ತಾಳೆ, ಹಾಗೆಯೇ ಅಳುತ್ತಾಳೆ. ವಿಲಿಯಮ್ಸ್ ಅವರಲ್ಲಿ ಆ ಹೆಚ್ಚುವರಿ ವರ್ಷಗಳ ತಿಳಿವಳಿಕೆ ಇದೆ, ಹೊವರ್ಡ್ ಅವರ ಮುಖದಲ್ಲಿ ನಿಜವಾದ ಹದಿನೆಂಟರ ತಬ್ಬಿಬ್ಬು ಇದೆ. ಅವಳಿಗೆ ಮುಂದಾಗುವುದೆಲ್ಲ ಗೊತ್ತು, ಅವನಿಗೆ ಏನೂ ಗೊತ್ತಿಲ್ಲ. ಹದಿಹರೆಯದ ಪ್ರೇಮದಲ್ಲಿ ಹುಡುಗಿ ಹುಡುಗನಿಗಿಂತ ಮೊದಲು ದೊಡ್ಡವಳಾಗುವುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ದೃಶ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮಿಲ್ನರ್ ಮತ್ತು ಕ್ಯಾರಲ್

ಚಿತ್ರದ ಹೃದಯ ಎಲ್ಲಿದೆ ಎಂದು ಕೇಳಿದರೆ ನಾನು ಹಳದಿ ಬಣ್ಣದ 1932ರ ಫೋರ್ಡ್ ಕೂಪ್ ಕಾರನ್ನು ತೋರಿಸುತ್ತೇನೆ. ಅದರ ಒಡೆಯ ಜಾನ್ ಮಿಲ್ನರ್‌ಗೆ ವಯಸ್ಸು 22. ಗೆಳೆಯರೆಲ್ಲ ಮುಂದೆ ಸಾಗುತ್ತಿದ್ದಾರೆ, ಅವನು ಅದೇ ಬೀದಿಗಳಲ್ಲಿ ಸುತ್ತುತ್ತಿದ್ದಾನೆ, ಊರಿನ ಅತಿ ವೇಗದ ಚಾಲಕ ಎಂಬ ಬಿರುದನ್ನು ಕಾಯುತ್ತಿದ್ದಾನೆ. ಪಕ್ಕದಲ್ಲಿ ಸಾಗುವ ಕಾರಿನ ತುಂಬ ಹುಡುಗಿಯರನ್ನು ಕಂಡು, ಯಾರಾದರೂ ನನ್ನ ಕಾರಿಗೆ ಬನ್ನಿ ಎಂದು ಕರೆಯುತ್ತಾನೆ. ಬಂದು ಕೂರುವವಳು ಅವರಲ್ಲೊಬ್ಬಳ ಪುಟ್ಟ ತಂಗಿ. ಯಾರಾದರೂ ನೋಡಿಬಿಟ್ಟರೆ ಎಂದು ಅವನು ನಾಚಿ ಸಾಯುತ್ತಾನೆ, ಚಿಕ್ಕಪ್ಪನ ಮಗಳು ಎಂದು ಸುಳ್ಳು ಹೇಳುತ್ತಾನೆ. ಕ್ಯಾರಲ್‌ಗೋ ಇದು ಜೀವಮಾನದ ರಾತ್ರಿ.

ಲೆ ಮ್ಯಾಟ್ ಆ ಹೊತ್ತಿಗೆ ಸಿನಿಮಾಕ್ಕೆ ಹೊಸಬರು, ಬಾಕ್ಸಿಂಗ್ ಬಲ್ಲವರು. ಫಿಲಿಪ್ಸ್ ಅವರು ‘ಮಾಮಾಸ್ ಅಂಡ್ ಪಾಪಾಸ್’ ಗಾಯಕ ತಂಡದ ಜಾನ್ ಫಿಲಿಪ್ಸ್ ಅವರ ಮಗಳು, ಇದು ಅವರ ಮೊದಲ ಚಿತ್ರ. ಇಷ್ಟು ಚಿಕ್ಕ ವಯಸ್ಸಿನ ನಟಿಯಿಂದ ರಾತ್ರಿಯೆಲ್ಲ ಕೆಲಸ ಮಾಡಿಸಲು ಕ್ಯಾಲಿಫೋರ್ನಿಯಾದ ಕಾನೂನು ಅಡ್ಡ ಬಂದಾಗ, ಚಿತ್ರೀಕರಣದ ಅವಧಿಗೆ ಗ್ಯಾರಿ ಕರ್ಟ್ಜ್ ಅವರೇ ಕಾನೂನುಬದ್ಧ ಪಾಲಕರಾದರು. ಪಾತ್ರಕ್ಕೆ ಹದಿನಾರರ ಹುಡುಗಿಯನ್ನು ತಂದು ಚಿಕ್ಕವಳಂತೆ ತೋರಿಸುವುದು ಸುಲಭದ ದಾರಿಯಾಗಿತ್ತು. ಹಾಗೆ ಮಾಡಿದ್ದರೆ ಈ ಕಥೆ ಕೆಡುತ್ತಿತ್ತು. ನಿಜವಾಗಿ ಹನ್ನೆರಡರ ಮಗು ಪಕ್ಕದಲ್ಲಿ ಕುಳಿತಿರುವುದರಿಂದಲೇ ಮಿಲ್ನರ್‌ನ ಠೀವಿಯೆಲ್ಲ ನಗೆಪಾಟಲಾಗುತ್ತದೆ, ಅವನೊಳಗಿನ ಒಳ್ಳೆಯ ಅಣ್ಣ ಹೊರಗೆ ಬರುತ್ತಾನೆ.

ಬೇರೆ ಕಾರಿನಿಂದ ಎಸೆದ ನೀರಿನ ಬಲೂನು ಕ್ಯಾರಲ್ ಮುಖಕ್ಕೆ ಬಡಿದಾಗ ಅವನು ಗಹಗಹಿಸಿ ನಗುತ್ತಾನೆ. ಮರುಕ್ಷಣ ಇಬ್ಬರೂ ಇಳಿದು ಹೋಗಿ ಆ ಕಾರಿಗೆ ನೊರೆ ಬಳಿದು ಚಕ್ರಗಳ ಗಾಳಿ ಬಿಡುತ್ತಾರೆ. ಅಲ್ಲಿಂದ ಮುಂದೆ ಅವರು ಒಂದು ಪಕ್ಷ. ಹಳೆಯ ಕಾರುಗಳ ಗುಜರಿಯಲ್ಲಿ ನಡೆಯುತ್ತ ಮಿಲ್ನರ್ ಒಂದೊಂದು ನಜ್ಜುಗುಜ್ಜಾದ ಕಾರನ್ನು ತೋರಿಸಿ, ಅದರಲ್ಲಿ ಸತ್ತವರು ಯಾರು, ಹೇಗೆ ಎಂದು ಹೇಳುತ್ತಾನೆ. ಗೆಳೆಯರ ಮುಂದೆ ಅವನು ಈ ಮಾತು ಎಂದೂ ಆಡಲಾರ. ತನ್ನನ್ನು ಅಳೆಯಲು ಬಾರದ ಮಗುವಿನ ಮುಂದೆ ಮಾತ್ರ ಅವನ ಭಯ ಬಾಯಿ ಬಿಡುತ್ತದೆ. ಕೊನೆಗೆ ಅವಳನ್ನು ಮನೆಗೆ ಬಿಡುವಾಗ ಗೇರ್ ಕೋಲಿನ ಹಿಡಿಯನ್ನು ಬಿಚ್ಚಿ ಕೈಗಿಡುತ್ತಾನೆ. ಈ ಇಬ್ಬರ ನಡುವೆ ಪ್ರೇಮದ ಸುಳಿವಿಲ್ಲ, ಉಪದೇಶವಿಲ್ಲ. ಹದಿಹರೆಯದ ಹಾಸ್ಯಚಿತ್ರಗಳ ರಾಶಿಯಲ್ಲಿ ಇಂಥ ಜೋಡಿ ಅಪರೂಪ.

ಟೆರ್ರಿ ಮತ್ತು ಡೆಬ್ಬಿ

ಸ್ಟೀವ್ ತನ್ನ 1958ರ ಇಂಪಾಲಾ ಕಾರನ್ನು ನೋಡಿಕೊಳ್ಳಲು ಕೊಟ್ಟಾಗ ಟೆರ್ರಿಯ ಕಣ್ಣು ತುಂಬುತ್ತದೆ. ಅಲ್ಲಿಯವರೆಗೆ ಅವನದು ಒಂದು ವೆಸ್ಪಾ. ಬೀದಿಯಲ್ಲಿ ನಡೆದು ಹೋಗುತ್ತಿದ್ದ ಡೆಬ್ಬಿಗೆ, ನೀನು ನಟಿ ಕಾನಿ ಸ್ಟೀವನ್ಸ್ ಥರ ಕಾಣುತ್ತೀಯ ಎಂದು ಕೂಗುತ್ತಾನೆ. ಅವಳು ಕಾರು ಹತ್ತುತ್ತಾಳೆ. ಆಮೇಲಿನದೆಲ್ಲ ಸುಳ್ಳುಗಳ ಸರಮಾಲೆ: ಕಾರು ತನ್ನದು, ಗೆಳೆಯರು ತನ್ನನ್ನು ಹುಲಿ ಎಂದು ಕರೆಯುತ್ತಾರೆ, ಹೀಗೆ. ಮದ್ಯ ಕೊಳ್ಳುವ ವಯಸ್ಸಾಗದ ಅವನು ಅಂಗಡಿಯ ಮುಂದೆ ಅಪರಿಚಿತರಿಗೆ ಕೈಯೊಡ್ಡುತ್ತಾನೆ. ಒಬ್ಬ ಹಣ ಹೊಡೆದುಕೊಂಡು ಮಾಯವಾಗುತ್ತಾನೆ, ಇನ್ನೊಬ್ಬ ಅಂಗಡಿಯನ್ನೇ ದೋಚಿ ಓಡುತ್ತ ಬಾಟಲಿಯನ್ನು ಎಸೆದು ಹೋಗುತ್ತಾನೆ. ಕಾರು ಕಳವಾಗುತ್ತದೆ, ಟೆರ್ರಿ ವಾಂತಿ ಮಾಡಿಕೊಳ್ಳುತ್ತಾನೆ, ಒದೆ ತಿನ್ನುತ್ತಾನೆ.

ಬರವಣಿಗೆಯಲ್ಲಿ ಡೆಬ್ಬಿ ಸುಲಭವಾಗಿ ಪೆದ್ದಿಯಾಗಬಹುದಿತ್ತು. ಬಿಳಿಚಿದ ಕೂದಲು, ಒಗರು ಮಾತು, ಯಾರ ಕಾರಿಗಾದರೂ ಹತ್ತುವ ಹುಡುಗಿ, ಇದು ಇಂಥ ಚಿತ್ರಗಳಲ್ಲಿ ಹುಡುಗರ ನಗೆಗೆ ಬಲಿಯಾಗುವ ಪಾತ್ರ. ಕ್ಲಾರ್ಕ್ ಅದನ್ನು ಬದಲಿಸಿದ್ದು ಒಂದೇ ಗುಣದಿಂದ. ಅವರ ಡೆಬ್ಬಿ ನಿಜವಾಗಿಯೂ ಆ ರಾತ್ರಿಯನ್ನು ಸವಿಯುತ್ತಾಳೆ. ಟೆರ್ರಿಗೆ ಅನಾಹುತವಾಗಿ ಕಾಣುವುದೆಲ್ಲ ಅವಳಿಗೆ ಸಾಹಸ. ಅವನ ಸುಳ್ಳುಗಳನ್ನು ಅವಳು ನಂಬುತ್ತಾಳೋ, ನಂಬಿದಂತೆ ನಟಿಸುತ್ತಾಳೋ ಎಂಬುದನ್ನು ಕ್ಲಾರ್ಕ್ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಕಾರಿಲ್ಲ, ಇರುವುದು ಸ್ಕೂಟರ್ ಎಂದು ಅವನು ಒಪ್ಪಿಕೊಂಡಾಗ, ಅದೂ ಮೋಟಾರ್ ಸೈಕಲ್ ಇದ್ದ ಹಾಗೆಯೇ ತಾನೆ ಎನ್ನುತ್ತಾಳೆ. ಈ ಮಾತಿನಲ್ಲಿ ಕರುಣೆ ಇದೆಯೇ ಹೊರತು ಕನಿಕರವಿಲ್ಲ. ಪಾತ್ರವರ್ಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದವರು ಕ್ಲಾರ್ಕ್ ಒಬ್ಬರೇ ಎಂಬುದು ನನಗೆ ಅಚ್ಚರಿ ತರುವುದಿಲ್ಲ.

ಕರ್ಟ್‌ಗೆ ಜೋಡಿ ಇಲ್ಲ

ಮೂರು ಕಥೆಗಳಲ್ಲಿ ಪಕ್ಕದ ಸೀಟು ತುಂಬಿದೆ. ನಾಲ್ಕನೆಯದರಲ್ಲಿ ಅದು ಖಾಲಿ. ವಿದ್ಯಾರ್ಥಿವೇತನ ಕೈಯಲ್ಲಿದ್ದರೂ ಮರುದಿನ ವಿಮಾನ ಹತ್ತಲು ಮನಸ್ಸಿಲ್ಲದ ಕರ್ಟ್, ಬಿಳಿ ಥಂಡರ್‌ಬರ್ಡ್ ಕಾರಿನಲ್ಲಿ ಒಬ್ಬ ಹುಡುಗಿಯನ್ನು ಕಾಣುತ್ತಾನೆ. ಅವಳ ತುಟಿಗಳು ಪ್ರೀತಿಯ ಮಾತನ್ನು ಆಡಿದಂತೆ ತೋರುತ್ತದೆ. ಕಾರು ತಿರುಗಿ ಮರೆಯಾಗುತ್ತದೆ. ಸುಝಾನ್ ಸೋಮರ್ಸ್ ತೆರೆಯ ಮೇಲಿರುವುದು ಕೆಲವೇ ಕ್ಷಣ, ಆದರೆ ಕರ್ಟ್‌ನ ಇಡೀ ರಾತ್ರಿ ಅವಳ ಬೆನ್ನು ಹತ್ತುವುದರಲ್ಲೇ ಕಳೆಯುತ್ತದೆ. ನಡುವೆ ಫರೋಸ್ ಎಂಬ ಪುಂಡರ ಗುಂಪು ಅವನನ್ನು ಎಳೆದೊಯ್ದು ಪೊಲೀಸ್ ಕಾರಿನ ಅಡಿಗೆ ಸರಪಳಿ ಕಟ್ಟಿಸುತ್ತದೆ. ಅದರ ನಾಯಕನಾಗಿ ಬೋ ಹಾಪ್ಕಿನ್ಸ್ ಅವರು ಬೆದರಿಕೆ ಮತ್ತು ಅಕ್ಕರೆ ಎರಡನ್ನೂ ಒಂದೇ ದನಿಯಲ್ಲಿ ಬೆರೆಸಿದ್ದಾರೆ.

ಡ್ರೈಫಸ್ ಅವರಂಥ ಮಾತುಗಾರ ನಟನನ್ನು ಒಂಟಿಯಾಗಿ ಬಿಟ್ಟದ್ದು ಸರಿಯಾದ ಲೆಕ್ಕಾಚಾರ. ಬೇರೆಯವರಿಗೆ ಎದುರಿಗೊಬ್ಬರು ಬೇಕು. ಇವರು ತಮ್ಮೊಳಗೇ ವಾದ ಮಾಡಿಕೊಳ್ಳಬಲ್ಲರು. ಕೊನೆಗೆ ಅವನಿಗೆ ಸಿಗುವ ಸಂಗಾತಿ ವುಲ್ಫ್‌ಮನ್ ಜ್ಯಾಕ್. ಮೆಕ್ಸಿಕೊ ಗಡಿಯ ಪ್ರಬಲ ರೇಡಿಯೊ ಕೇಂದ್ರಗಳಿಂದ ಇಡೀ ಪಶ್ಚಿಮ ಅಮೆರಿಕಕ್ಕೆ ಕೇಳಿಸುತ್ತಿದ್ದ ಈ ನಿಜವಾದ ರೇಡಿಯೊ ನಿರೂಪಕ ಚಿತ್ರದಲ್ಲಿ ತಾನಾಗಿಯೇ ಬರುತ್ತಾರೆ. ಅವರ ದನಿ ಎಲ್ಲ ಕಾರುಗಳಲ್ಲೂ ಕೇಳುತ್ತಲೇ ಇರುತ್ತದೆ. ರೇಡಿಯೊ ಕೇಂದ್ರ ಹುಡುಕಿಕೊಂಡು ಹೋದ ಕರ್ಟ್‌ಗೆ ಸಿಗುವುದು, ಫ್ರಿಜ್ ಕೆಟ್ಟು ಕರಗುತ್ತಿರುವ ಐಸ್ ಕ್ಯಾಂಡಿಗಳನ್ನು ಹಂಚುತ್ತ ಕುಳಿತ ಒಬ್ಬ ಗಡ್ಡಧಾರಿ. ವುಲ್ಫ್‌ಮನ್ ಇಲ್ಲಿಲ್ಲ, ನಾವು ಟೇಪ್ ಹಾಕುತ್ತೇವೆ ಅಷ್ಟೆ ಎನ್ನುತ್ತಾನೆ. ಹೊರಗೆ ಹೋಗುತ್ತ ತಿರುಗಿ ನೋಡಿದಾಗ, ಆ ಗಡ್ಡಧಾರಿಯೇ ವುಲ್ಫ್‌ಮನ್ ಎಂದು ಕರ್ಟ್‌ಗೆ ಗೊತ್ತಾಗುತ್ತದೆ. ಸಿನಿಮಾದ ತರಬೇತಿ ಇಲ್ಲದ ವ್ಯಕ್ತಿಯೊಬ್ಬರು, ಹೊರಗೆ ಜಗತ್ತು ದೊಡ್ಡದಾಗಿದೆ ಎಂಬ ಭಾವವನ್ನು ಡ್ರೈಫಸ್ ಅವರ ಎದುರು ಅಷ್ಟು ಸರಾಗವಾಗಿ ದಾಟಿಸುತ್ತಾರೆ.

ಹ್ಯಾರಿಸನ್ ಫೋರ್ಡ್ ಅವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜನ ಅವರ ಹೆಸರಿಗಾಗಿಯೇ ಈ ಚಿತ್ರ ನೋಡಲು ಕೂರುತ್ತಾರೆ, ಆದರೆ ಪಾತ್ರ ಚಿಕ್ಕದು. ಮಿಲ್ನರ್‌ಗೆ ಸವಾಲು ಹಾಕಲು ಕಪ್ಪು 1955ರ ಷೆವರ್ಲೆ ಕಾರಿನಲ್ಲಿ ರಾತ್ರಿಯಿಡೀ ಅಲೆಯುವ ಬಾಬ್ ಫಾಲ್ಫಾ. ಆಗ ಬಡಗಿ ಕೆಲಸದಿಂದ ಸಂಸಾರ ನಡೆಸುತ್ತಿದ್ದ ಫೋರ್ಡ್, ಇಷ್ಟು ಸಣ್ಣ ಪಾತ್ರಕ್ಕೆ ಕೂದಲು ಕತ್ತರಿಸಲು ಒಪ್ಪದೆ ಕೌಬಾಯ್ ಟೋಪಿ ಹಾಕಿಕೊಂಡರು. ಆ ಟೋಪಿಯೇ ಅವನನ್ನು ಹೊರಊರಿನವನನ್ನಾಗಿ ಮಾಡಿತು.

ಇಪ್ಪತ್ತೆಂಟು ರಾತ್ರಿಗಳು

1972ರ ಜೂನ್ ಕೊನೆಯಲ್ಲಿ ಸ್ಯಾನ್ ರಫೇಲ್‌ನಲ್ಲಿ ಚಿತ್ರೀಕರಣ ಶುರುವಾಯಿತು. ಮೊಡೆಸ್ಟೊ ಆ ಹತ್ತು ವರ್ಷಗಳಲ್ಲಿ ಬಹಳ ಬದಲಾಗಿತ್ತು. ವ್ಯಾಪಾರ ಕೆಡುತ್ತದೆ ಎಂಬ ದೂರು ಬಂದು ಸ್ಯಾನ್ ರಫೇಲ್ ಅನುಮತಿ ಹಿಂತೆಗೆದುಕೊಂಡಾಗ ತಂಡ ಪೆಟಲೂಮಾಗೆ ಸಾಗಿತು. ಕೆಲಸ ರಾತ್ರಿ 9ರಿಂದ ಬೆಳಗಿನ 5ರವರೆಗೆ, ಒಟ್ಟು 28 ರಾತ್ರಿ. ಕತ್ತಲಲ್ಲಿ ದೃಶ್ಯ ಮೂಡದೆ ಕಷ್ಟವಾದಾಗ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ನೆರವಿಗೆ ಬಂದರು. ಹಗಲು ಲಾಸ್ ಏಂಜಲಿಸ್‌ನಲ್ಲಿ ಜಾಹೀರಾತು ಚಿತ್ರಗಳ ಕೆಲಸ, ರಾತ್ರಿ ವಿಮಾನದಲ್ಲಿ ಇಲ್ಲಿಗೆ.

ಲ್ಯೂಕಸ್ ನಟರಿಗೆ ಹೆಚ್ಚು ಹೇಳುತ್ತಿರಲಿಲ್ಲ. ಒಂದೇ ಸಲಕ್ಕೆ ಎರಡು ಕ್ಯಾಮೆರಾ ಇಟ್ಟು, ಸಾಕ್ಷ್ಯಚಿತ್ರ ತೆಗೆಯುವವರಂತೆ ಓಡಲು ಬಿಡುತ್ತಿದ್ದರು. ಚಿತ್ರದ ಮೊದಲಲ್ಲಿ ಟೆರ್ರಿ ಸ್ಕೂಟರ್ ನಿಲ್ಲಿಸಲಾಗದೆ ಕಟ್ಟಡಕ್ಕೆ ಗುದ್ದುವುದು ಬರೆದಿದ್ದ ಹಾಸ್ಯವಲ್ಲ. ಸ್ಮಿತ್ ಅವರ ಹಿಡಿತ ನಿಜಕ್ಕೂ ತಪ್ಪಿತು, ಅವರು ಪಾತ್ರ ಬಿಡದೆ ಮುಂದುವರಿದರು, ಆ ಟೇಕ್ ಚಿತ್ರದಲ್ಲಿ ಉಳಿಯಿತು. ಇಂಥ ನಿರ್ದೇಶನವನ್ನು ಸೋಮಾರಿತನ ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ನಿರ್ದೇಶನದ ಹೆಚ್ಚಿನ ಭಾಗ ಚಿತ್ರೀಕರಣಕ್ಕೆ ಮೊದಲೇ, ಆ ತಿಂಗಳುಗಟ್ಟಲೆಯ ಆಯ್ಕೆಯಲ್ಲೇ ಮುಗಿದಿತ್ತು. ಕಾರಿನ ಮುಂದಿನ ಸೀಟು ಇಕ್ಕಟ್ಟಾದ ಜಾಗ, ಅಲ್ಲಿ ಎದ್ದು ಓಡಾಡಿ ನಟಿಸಲು ಆಗದು. ಪಕ್ಕದವರ ಮಾತಿಗೆ ಕಿವಿಗೊಡುವುದೊಂದೇ ದಾರಿ. ಸರಿಯಾದ ಇಬ್ಬರು ಕುಳಿತಿದ್ದರೆ ನಿರ್ದೇಶಕ ಸುಮ್ಮನಿರುವುದೇ ಲೇಸು.

ಫಲಿತಾಂಶ

1973ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪೂರ್ವ ಪ್ರದರ್ಶನದಲ್ಲಿ ಪ್ರೇಕ್ಷಕರು ನಕ್ಕು ಕುಣಿದರು. ಸ್ಟುಡಿಯೊದ ನೆಡ್ ಟ್ಯಾನನ್ ಅವರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ಕೊಪ್ಪೊಲಾ ಸಿಟ್ಟಿಗೆದ್ದು, ನಾನೇ ಚಿತ್ರವನ್ನು ಕೊಳ್ಳುತ್ತೇನೆ ಎಂದು ಅಲ್ಲೇ ಸವಾಲೆಸೆದರು. ಕೊನೆಗೆ ಯುನಿವರ್ಸಲ್ ಸುಮಾರು ನಾಲ್ಕೂವರೆ ನಿಮಿಷದ ಮೂರು ದೃಶ್ಯಗಳನ್ನು ಕತ್ತರಿಸಿತು. ಕಳೆದದ್ದು ಏನೆಂದು ನೋಡಿ: ಟೆರ್ರಿಯ ಬೆನ್ನು ಬೀಳುವ ಕಾರು ಮಾರಾಟಗಾರ, ನೃತ್ಯದಲ್ಲಿ ಶಿಕ್ಷಕನಿಗೆ ಎದುರು ಮಾತನಾಡುವ ಸ್ಟೀವ್, ಲಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡುವ ಫಾಲ್ಫಾ. ಮೂರೂ ಪಾತ್ರಗಳಿಗೆ ಒಂದೊಂದು ಹೊಸ ಬಣ್ಣ ಕೊಡುವ ದೃಶ್ಯಗಳು. 1978ರ ಮರುಬಿಡುಗಡೆಯಲ್ಲಿ ಅವು ಮರಳಿ ಸೇರಿದವು.

1973ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಚಿತ್ರ ಅಮೆರಿಕದಲ್ಲೇ 10 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸಿತು. ಅತ್ಯುತ್ತಮ ಚಿತ್ರವೂ ಸೇರಿ 5 ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಗೆಲ್ಲಲಿಲ್ಲ. ಗೋಲ್ಡನ್ ಗ್ಲೋಬ್‌ನಲ್ಲಿ ಹಾಸ್ಯ ಅಥವಾ ಸಂಗೀತ ವಿಭಾಗದ ಅತ್ಯುತ್ತಮ ಚಿತ್ರವಾಯಿತು, ಲೆ ಮ್ಯಾಟ್ ಭರವಸೆಯ ಹೊಸ ನಟ ಎನಿಸಿದರು. ಡ್ರೈಫಸ್ 1975ರಲ್ಲಿ ‘ಜಾಸ್’ನಲ್ಲಿ ನಟಿಸಿದರು, 1977ರ ‘ದಿ ಗುಡ್‌ಬೈ ಗರ್ಲ್’ಗೆ ಆಸ್ಕರ್ ಪಡೆದರು. ಫೋರ್ಡ್ ಅವರ 1977ರ ‘ಸ್ಟಾರ್ ವಾರ್ಸ್’ ಎಲ್ಲರಿಗೂ ಗೊತ್ತು. ಹೊವರ್ಡ್ ಟಿವಿಯಲ್ಲಿ ಮತ್ತೆ ಹದಿಹರೆಯದವನಾಗಿ, ಮುಂದೆ ಆಸ್ಕರ್ ಗೆದ್ದ ನಿರ್ದೇಶಕರಾಗಿ ಬೆಳೆದರು. ವಿಲಿಯಮ್ಸ್ ಮತ್ತು ಫಿಲಿಪ್ಸ್ ಟಿವಿ ಹಾಸ್ಯ ಧಾರಾವಾಹಿಗಳಲ್ಲಿ ಮನೆಮಾತಾದರು. 1995ರಲ್ಲಿ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಕೊನೆಯ ಫಲಕ

ಬೆಳಗಿನ ಹೊತ್ತು ಊರ ಹೊರಗಿನ ರಸ್ತೆಯಲ್ಲಿ ರೇಸ್ ನಡೆಯುತ್ತದೆ. ಫಾಲ್ಫಾನ ಕಾರು ಉರುಳಿ ಹೊತ್ತಿಕೊಳ್ಳುತ್ತದೆ, ಅದರಲ್ಲಿದ್ದ ಲಾರಿ ಬದುಕುಳಿಯುತ್ತಾಳೆ, ಸ್ಟೀವ್ ಊರು ಬಿಡುವ ಯೋಚನೆ ಕೈಬಿಡುತ್ತಾನೆ. ಕರ್ಟ್ ಹೊರಡುತ್ತಾನೆ. ವಿಮಾನ ಏರಿದ ಮೇಲೆ ಆಕಾಶದ ಮೇಲೆ ನಾಲ್ಕು ಮುಖಗಳು, ನಾಲ್ಕು ಸಾಲುಗಳು. ಜಾನ್ ಮಿಲ್ನರ್ 1964ರ ಡಿಸೆಂಬರ್‌ನಲ್ಲಿ ಕುಡಿದ ಚಾಲಕನೊಬ್ಬನಿಂದ ಸತ್ತ. ಟೆರ್ರಿ 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಂನ ಆನ್ ಲೋಕ್ ಬಳಿ ಕಾಣೆಯಾದ. ಸ್ಟೀವ್ ಮೊಡೆಸ್ಟೊದಲ್ಲಿ ವಿಮಾ ಏಜೆಂಟ್. ಕರ್ಟ್ ಕೆನಡಾದಲ್ಲಿ ಲೇಖಕ. ನಗುತ್ತಿದ್ದ ಪ್ರೇಕ್ಷಕರ ಎದೆಗೆ ಇದು ಗುದ್ದುವ ಬಗೆ ಅಸಾಮಾನ್ಯ. ಚಿತ್ರ ಹಿಂದಿರುಗಿ ನೋಡಿದ್ದು ಕೇವಲ ಹತ್ತು ವರ್ಷಗಳಷ್ಟು, ಆದರೆ ಆ ಹತ್ತು ವರ್ಷಗಳಲ್ಲಿ ಕೆನಡಿ ಹತ್ಯೆಯೂ ಒಂದು ಯುದ್ಧವೂ ಆಗಿಹೋಗಿದ್ದವು.

ಆದರೆ ಲಾರಿ ಏನಾದಳು? ಡೆಬ್ಬಿ? ಕ್ಯಾರಲ್? ಒಂದು ಸಾಲೂ ಇಲ್ಲ. ವಿಮರ್ಶಕಿ ಪಾಲಿನ್ ಕೇಲ್ ಇದನ್ನು ಆಗಲೇ ಕಟುವಾಗಿ ಟೀಕಿಸಿದ್ದರು, ಆ ಟೀಕೆ ಇಂದಿಗೂ ನಿಂತಿದೆ. ಸ್ತ್ರೀಪಾತ್ರಗಳಿಗೆ ಅನ್ಯಾಯ ಎಂಬುದು ಅದರ ಒಂದು ಮುಖ. ಚಿತ್ರದ ಒಳಗಿನ ಕಟ್ಟಡವೇ ಅಲ್ಲಿ ಮುರಿಯುತ್ತದೆ ಎಂಬುದು ನನ್ನ ಇನ್ನೊಂದು ತಕರಾರು. ಸುಮಾರು ಎರಡು ಗಂಟೆ ಕಾಲ ಜೋಡಿಗಳನ್ನು ಕಟ್ಟಿದ ಚಿತ್ರ ಕೊನೆಯ ನಿಮಿಷದಲ್ಲಿ ಜೋಡಿಯ ಅರ್ಧವನ್ನು ಮಾತ್ರ ಎಣಿಸುತ್ತದೆ. ಮಿಲ್ನರ್ ಸತ್ತ ಸುದ್ದಿ ನಮಗೆ ಮುಟ್ಟುತ್ತದೆ, ಆ ಗೇರ್ ಹಿಡಿಯನ್ನು ಇಟ್ಟುಕೊಂಡ ಹುಡುಗಿಗೆ ಮುಟ್ಟಿತೋ ಇಲ್ಲವೋ ಚಿತ್ರ ಹೇಳುವುದಿಲ್ಲ. ಹುಡುಗರು ಲ್ಯೂಕಸ್ ಅವರ ಒಳಗಿನಿಂದ ಬಂದವರು, ಆ ಹುಡುಗರ ಭವಿಷ್ಯದ ಚಿಂತೆ ಲ್ಯೂಕಸ್ ಅವರಿಗಿತ್ತು. ಹುಡುಗಿಯರಿಗೆ ಜೀವ ಬಂದದ್ದು ಮುಖ್ಯವಾಗಿ ನಟಿಯರಿಂದ. ಕಾಗದದ ಮೇಲೆ ಇರದಿದ್ದದ್ದನ್ನು ವಿಲಿಯಮ್ಸ್, ಕ್ಲಾರ್ಕ್, ಫಿಲಿಪ್ಸ್ ತೆರೆಯ ಮೇಲೆ ತಂದಿಟ್ಟ ಮೇಲಾದರೂ ಫಲಕವನ್ನು ತಿದ್ದಬಹುದಿತ್ತು.

1979ರಲ್ಲಿ ಬಂದ ಮುಂದುವರಿದ ಭಾಗವನ್ನು ಬಿಲ್ ನಾರ್ಟನ್ ನಿರ್ದೇಶಿಸಿದರು. ಡ್ರೈಫಸ್ ಹೊರತು ಮುಖ್ಯ ನಟರೆಲ್ಲ ಮರಳಿದರು, ಹುಡುಗಿಯರಿಗೂ ಕಥೆ ಸಿಕ್ಕಿತು. ಕೊರತೆ ತುಂಬಿದಂತಾಯಿತು, ಆದರೂ ಚಿತ್ರ ಮೊದಲಿನದರ ಹತ್ತಿರಕ್ಕೂ ಬರಲಿಲ್ಲ. ಕಾರಣ ಪಾತ್ರಗಳ ಹಂಚಿಕೆಯಲ್ಲೇ ಕಾಣುತ್ತದೆ. ಮಿಲ್ನರ್ 1964ರಲ್ಲಿ, ಟೆರ್ರಿ 1965ರಲ್ಲಿ, ಡೆಬ್ಬಿ 1966ರಲ್ಲಿ, ಸ್ಟೀವ್ ಮತ್ತು ಲಾರಿ 1967ರಲ್ಲಿ, ಹೀಗೆ ಒಂದೊಂದು ವರ್ಷದಲ್ಲಿ ಬೇರೆ ಬೇರೆಯಾಗಿ ಸಾಗುತ್ತಾರೆ. ಡೆಬ್ಬಿಗೆ ಎದುರಾಗಿ ಟೆರ್ರಿ ಇಲ್ಲ, ಕ್ಯಾರಲ್ ಪಕ್ಕದಲ್ಲಿ ಮಿಲ್ನರ್ ಇಲ್ಲ. ಅದೇ ನಟರು, ಅದೇ ಹೆಸರುಗಳು, ಆದರೆ ಕಿವಿಗೊಡಲು ಪಕ್ಕದಲ್ಲಿ ಸರಿಯಾದವರಿಲ್ಲ. ಆ ಚಿತ್ರದಲ್ಲಿ ನನಗೆ ಇಷ್ಟವಾದ ಭಾಗ ಒಂದೇ: ಡ್ರ್ಯಾಗ್ ರೇಸ್ ಮೈದಾನದಲ್ಲಿ ಮಿಲ್ನರ್‌ಗೆ ಐಸ್‌ಲ್ಯಾಂಡಿನ ಒಬ್ಬ ಹುಡುಗಿ ಸಿಗುತ್ತಾಳೆ. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಬೇರೆ ಭಾಷೆ ಬಾರದು, ಇಬ್ಬರೂ ಹೇಗೋ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲು ಹೆಣಗುತ್ತಾರೆ. ಲೆ ಮ್ಯಾಟ್ ಅವರ ಮುಖದಲ್ಲಿ 1962ರ ಮಿಲ್ನರ್ ಮತ್ತೆ ಕಾಣಿಸಿಕೊಳ್ಳುವುದು ಆ ದೃಶ್ಯಗಳಲ್ಲಿ ಮಾತ್ರ.